ಸವಣೂರಿನ ‘ಅಮೆರಿಕಾ’ ಗಿಟಾರು, ಹಾನಗಲ್ಲಿನ ಅಟ್ಟದ ಗಿಟಾರು

“ಅಣ್ಣಾ, ಫೆಂಡರ್ ಸಿಕ್ಕೈತಿ! ಸವಣೂರಾಗ! ನಲವತ್ತೈದು ಸಾವಿರಕ್ಕ!”

ಬೆಳಿಗ್ಗೆ ಆರೂವರೆಗೆ ಹಿರೇಕೆರೂರಿನಿಂದ ನಮ್ಮ ಮಾವಶಿಯ ಮಗನ ಫೋನು. ಹಲ್ಲು ಕೂಡ ಉಜ್ಜಿರಲಿಲ್ಲ ನಾನು. ಹುಡುಗನ ದನಿ ಕೇಳಿದರೆ ಲಾಟರಿ ಹೊಡೆದವನ ಹಾಗಿತ್ತು. ಹಗಲು ಬೀಜ-ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯೋದು, ರಾತ್ರಿ ಗಣಪತಿ ಪೆಂಡಾಲು, ಮದುವೆ ಮನೆ, ಜಾತ್ರೆ ಎಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸೋದು ಅವನ ಕಸುಬು. ಗಿಟಾರು ಅವನದಲ್ಲ, ಆರ್ಕೆಸ್ಟ್ರಾ ಮಾಲೀಕನದು. ಸ್ವಂತದ್ದೊಂದು ತಗೋಬೇಕು ಎಂದು ಮೂರು ವರ್ಷದಿಂದ ಕೂಡಿಟ್ಟು 32,000 ರೂಪಾಯಿ ಮಾಡಿದ್ದ. ಉಳಿದದ್ದಕ್ಕೆ ಮಾವಶಿಯ ಬೆಂಡೋಲೆ ಸೊಸಾಯಿಟಿಗೆ ಹೋಗುವುದಿತ್ತು. ಸಾಲದ್ದಕ್ಕೆ 5,000 ರೂಪಾಯಿ ಮುಂಗಡ ಆಗಲೇ ಮೊಬೈಲಿನಿಂದ ಕಳಿಸಿಯೂ ಬಿಟ್ಟಿದ್ದ!

ಫೆಂಡರ್ ಅಂದರೆ ಏನು ಮಹಾ ಎಂದು ಕೇಳಬಹುದು ನೀವು. ಅಭಿಮಾನಿ ಮಿತ್ರರೇ, 1971ರ ‘ಹರೇ ರಾಮ ಹರೇ ಕೃಷ್ಣ’ದಲ್ಲಿ ಜೀನತ್ ಅಮಾನ್ ಹೊಗೆ ಬಿಡುವ ಮೊದಲೇ ಥಿಯೇಟರಿನಲ್ಲಿ ಮೈ ಜುಮ್ಮೆನ್ನಿಸಿತಲ್ಲ, ಭೂಪಿಂದರ್ ಸಿಂಗ್ ಕೈಯ ಆ ಗಿಟಾರು? ಆ ದನಿಗೆ ಮರುಳಾದ ಪ್ರತಿ ಹುಡುಗನ ಕನಸಿನಲ್ಲೂ ಒಂದಲ್ಲ ಒಂದು ದಿನ ಎರಡು ಹೆಸರು ಬಂದೇ ಬರುತ್ತವೆ. ಫೆಂಡರ್ ಮತ್ತು ಗಿಬ್ಸನ್. ಎರಡೂ ಅಮೆರಿಕಾದವು. ಫೆಂಡರಿನ ಸ್ಟ್ರಾಟೊಕಾಸ್ಟರ್ 1954ರಲ್ಲಿ ಬಂತು, ಗಿಬ್ಸನ್ನಿನ ಲೆಸ್ ಪಾಲ್ ಅದಕ್ಕಿಂತ ಎರಡು ವರ್ಷ ಮೊದಲು. 1969ರಲ್ಲಿ ವುಡ್‌ಸ್ಟಾಕಿನಲ್ಲಿ ಜಿಮಿ ಹೆಂಡ್ರಿಕ್ಸ್ ಕೈಯಲ್ಲಿದ್ದದ್ದು ಸ್ಟ್ರಾಟೊಕಾಸ್ಟರೇ. ನಮ್ಮ ಹುಡುಗನ ಮೊಬೈಲಿಗೆ ಬಂದ ಫೋಟೋದಲ್ಲೂ ಅದೇ. ‘1979ರ ಮಾಡೆಲ್, ಅಮೆರಿಕಾ ಒರಿಜಿನಲ್, ಅಪ್ಪ ಮುಂಬೈನಿಂದ ತಂದದ್ದು’ ಎಂದು ಕೆಳಗೆ ಒಕ್ಕಣೆ.

ನಿಜವಾದ 1979ರ ಸ್ಟ್ರಾಟೊಕಾಸ್ಟರಿಗೆ ಇವತ್ತು ಲಕ್ಷಗಟ್ಟಲೆ ಬೆಲೆ. ನಲವತ್ತೈದು ಸಾವಿರಕ್ಕೆ ಕೊಡುತ್ತಾನೆಂದರೆ ಒಂದೋ ಮಾರುವವನಿಗೆ ಗೊತ್ತಿಲ್ಲ, ಇಲ್ಲವೋ ಚೆನ್ನಾಗಿ ಗೊತ್ತಿದೆ! “ತಮ್ಮಾ, ಉಳಿದ ರೊಕ್ಕ ಕೊಡಬ್ಯಾಡ. ನಾಳೆ ಮೊದಲ ಬಸ್ಸಿಗೆ ಹುಬ್ಬಳ್ಳಿಗೆ ಬಾ” ಎಂದೆ. ನಾನೂ ಒಂದು ಕಾಲಕ್ಕೆ ಆರ್ಕೆಸ್ಟ್ರಾದಲ್ಲಿ ರಿದಮ್ ಗಿಟಾರ್ ಹಿಡಿದು ನಿಂತವನೇ. ಹಿಂದಿನ ಸಾಲಿನಲ್ಲಿ, ಕತ್ತಲಲ್ಲಿ!

ಮರುದಿನ ಹುಬ್ಬಳ್ಳಿಯಿಂದ ಶಿಗ್ಗಾವಿ ಬಸ್ಸು ಹತ್ತಿದೆವು. ಹೆದ್ದಾರಿಯ ಮೇಲೆ ಗೊಟಗೋಡಿ ಹತ್ತಿರ ‘ಉತ್ಸವ ರಾಕ್ ಗಾರ್ಡನ್’ ಬೋರ್ಡು ಕಂಡದ್ದೇ ತಡ, “ಅಣ್ಣಾ, ಇಲ್ಲಿ ರಾಕ್ ಮ್ಯೂಸಿಕ್ ನಡೀತೈತೇನು?” ಎಂದ ಹುಡುಗ. ನಕ್ಕೆ. ಅದು ಕಲಾವಿದ ಸೊಲಬಕ್ಕನವರ್ ಕಟ್ಟಿದ ಶಿಲ್ಪಲೋಕ. ಸಿಮೆಂಟಿನ ರೈತ, ಸಿಮೆಂಟಿನ ಎತ್ತು, ಸಿಮೆಂಟಿನ ಸಂತೆ. ಅಣ್ಣಾವ್ರ ಸಿನಿಮಾ ಪಾತ್ರಗಳೂ ಅಲ್ಲಿ ಸಾಲಾಗಿ ನಿಂತಿವೆ. ಒಳಗೆ ಹೋದವರು ಬೇಲಿ ಪಕ್ಕ ಕೂತ ಮುದುಕನನ್ನು ದಾರಿ ಕೇಳಿ, ಉತ್ತರ ಬರದೆ, ಆಮೇಲೆ ಮುಟ್ಟಿ ನೋಡಿ ನಾಚಿಕೊಳ್ಳುವುದುಂಟು. ನಾವು ಇಳಿಯಲಿಲ್ಲ. ನಮಗೆ ಮುಟ್ಟಿ ನೋಡಬೇಕಾದ ವಸ್ತು ಬೇರೆ ಇತ್ತು.

ಶಿಗ್ಗಾವಿಯಲ್ಲಿ ಇಳಿದದ್ದಕ್ಕೆ ಕಾರಣ ರೇಡಿಯೋ ಕಾಕಾ. ಹಳೆಯ ಮೆಕ್ಯಾನಿಕ್ಕು. ರೇಡಿಯೋ ಹೋಗಿ ಟೇಪ್‌ರೆಕಾರ್ಡರ್ ಬಂತು, ಅದು ಹೋಗಿ ಟೀವಿ ಬಂತು, ಈಗ ಮಿಕ್ಸರ್, ಫ್ಯಾನು ರಿಪೇರಿ. ಆದರೆ 1980ರ ದಶಕದಲ್ಲಿ ಈ ಸೀಮೆಯ ಆರ್ಕೆಸ್ಟ್ರಾಗಳ ಆಂಪ್ಲಿಫೈಯರ್ ಕೆಟ್ಟರೆ ಬಿಚ್ಚುತ್ತಿದ್ದವರು ಇವರೇ. ಗಿಟಾರ್ ಬಾರಿಸಲು ಬರುವುದಿಲ್ಲ. ಅದರ ಹೊಟ್ಟೆಯೊಳಗೇನಿದೆ ಎಂಬುದು ಮಾತ್ರ ಬಾರಿಸುವವರಿಗಿಂತ ಚೆನ್ನಾಗಿ ಗೊತ್ತು. ಚಹಾ ತರಿಸಿ ಕಾಕಾ ಶುರು ಮಾಡಿದರು.

“ನೋಡ್ರಿ, ತಲಿ ಮ್ಯಾಲಿನ ಹೆಸರು ಕಡೀಗೆ ಓದ್ಬೇಕು. ಹೆಸರು ಅಂದ್ರ ನೀರಾಗ ನೆನಸಿ ಅಂಟಿಸೋ ಸ್ಟಿಕರ್. ಯಾರು ಬೇಕಾದ್ರೂ ಅಂಟಿಸ್ಬಹುದು. ನಂಬರೂ ಅಷ್ಟ. ಒಂದ ನಂಬರು ನೂರು ಗಿಟಾರಿಗೆ ಹಾಕಿದಾರ. ಮೊದಲು ಕೇಳಬೇಕಾದ್ದು ಏನು? ಮಾರೋನು ಹೇಳೋ ಕಥಿಗೂ ಮರಕ್ಕೂ ತಾಳ ಆಗ್ತೈತೋ ಇಲ್ಲೋ!”

ಆ ಕಥೆ-ಮರದ ಮಾತೇ ಇಡೀ ವಿದ್ಯೆ. ಹುಡುಗ ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಂಡ, ನಾನೂ ನೆನಪಿಟ್ಟುಕೊಂಡೆ. 1979 ಎಂದು ಹೇಳಿದರೆ ಸ್ಟ್ರಾಟೊಕಾಸ್ಟರಿನ ತಲೆ ದೊಡ್ಡದಿರಬೇಕು. 1965ರ ಕೊನೆಗೆ ದೊಡ್ಡದಾದದ್ದು, 1981ರ ಸುಮಾರಿಗೆ ಮತ್ತೆ ಚಿಕ್ಕದಾಯಿತು. ಕುತ್ತಿಗೆಯನ್ನು ಮೈಗೆ ಕೂಡಿಸಿದ ಕಡೆ ಹಿಂದೆ ಮೂರು ಬೋಲ್ಟು ಇರಬೇಕು, ನಾಲ್ಕಲ್ಲ. ಆ ಮೂರು ಬೋಲ್ಟಿನ ಪದ್ಧತಿ 1971ರಿಂದ 1981ರವರೆಗೆ ಮಾತ್ರ. ನಂಬರು ತಲೆಯ ಮೇಲಿದ್ದರೆ ಎಸ್ ಅಕ್ಷರದಿಂದ ಶುರುವಾಗಬೇಕು. ಎಸ್ ಅಂದರೆ ಸೆವೆಂಟೀಸ್, ಅದರ ಮುಂದಿನ ಅಂಕಿ ವರ್ಷದ್ದು. ಇ ಅಂದರೆ ಎಯ್ಟೀಸ್, ಎನ್ ಅಂದರೆ ನೈನ್ಟೀಸ್, ಝಡ್ ಅಂದರೆ 2000ದ ನಂತರ. ಎಮ್ ಎನ್ ಎಂದು ಜೋಡಿ ಅಕ್ಷರ ಬಂದರೆ ಮೆಕ್ಸಿಕೋದಲ್ಲಿ ತಯಾರಾದ ಫೆಂಡರ್. ಅದೂ ಅಸಲಿಯೇ. ಬೆಲೆ ಮಾತ್ರ ಕಡಿಮೆ.

ಕಾಕಾನ ಪ್ರೀತಿಯ ಭಾಗ ಒಳಗಿನ ವಾಲ್ಯೂಮ್ ಕಂಟ್ರೋಲು. ರೇಡಿಯೋದಲ್ಲಿ ಇರುವಂಥದ್ದೇ. ಹಳೆಯ ಅಮೆರಿಕಾ ಗಿಟಾರಿನ ಕಂಟ್ರೋಲಿನ ಬೆನ್ನಿನ ಮೇಲೆ ಅಂಕಿ ಒತ್ತಿರುತ್ತಾರೆ. 1377912 ಎಂದಿದ್ದರೆ 137 ಅಂದರೆ ಸಿಟಿಎಸ್ ಕಂಪನಿ, 79 ಅಂದರೆ ವರ್ಷ, 12 ಅಂದರೆ ಆ ವರ್ಷದ ಹನ್ನೆರಡನೆಯ ವಾರ! ಹೊರಗಿನ ಹೆಸರು ಬರೆದವನಿಗೆ ಒಳಗಿನ ಈ ಅಂಕಿಯ ನೆನಪು ಬರುವುದು ಅಪರೂಪ. ಹಾಗಂತ ಇದೂ ಕೊನೆಯ ಮಾತಲ್ಲ. ಕೆಟ್ಟುಹೋಗಿ ಯಾವನೋ ಪ್ರಾಮಾಣಿಕ ಹೊಸದು ಹಾಕಿಸಿರಬಹುದು. ಆದ್ದರಿಂದ ಒಂದೇ ಸಾಕ್ಷಿ ಕೇಳಿ ತೀರ್ಪು ಕೊಡಬಾರದು.

“ನಾನೂ ಬರ್ತೀನಿ ತಡಿ” ಎಂದು ಕಾಕಾ ಮೀಟರು, ಸ್ಕ್ರೂ ಡ್ರೈವರು ಚೀಲಕ್ಕೆ ಹಾಕಿಕೊಂಡು ಅಂಗಡಿಯ ಷಟರ್ ಎಳೆದೇಬಿಟ್ಟರು. ಪಕ್ಕದ ಟೇಲರನ ಟೇಪನ್ನೂ ಇಸಕೊಂಡರು.

ಶಿಗ್ಗಾವಿ ತಾಲ್ಲೂಕು ಅಂದರೆ ಶಿಶುನಾಳ ಷರೀಫರ ಸೀಮೆ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಆ ಅಜ್ಜನನ್ನು ಊರೂರಿಗೆ ಮುಟ್ಟಿಸಿದವರಲ್ಲಿ ಸಿ. ಅಶ್ವತ್ಥ್ ದೊಡ್ಡವರು. ನಾಗಾಭರಣರ 1990ರ ಚಿತ್ರದಲ್ಲಿ ಶ್ರೀಧರ್ ಷರೀಫರಾದದ್ದು, ಗಿರೀಶ ಕಾರ್ನಾಡರು ಗೋವಿಂದಭಟ್ಟರಾದದ್ದು ನಿಮಗೆ ನೆನಪಿದ್ದೀತು. ಏಕತಾರಿಯ ಆ ಪದ 2008ರಲ್ಲಿ ರಘು ದೀಕ್ಷಿತರ ಮೊದಲ ಆಲ್ಬಮ್ಮಿಗೂ ಬಂತು. ನಮ್ಮ ಹುಡುಗ ಗಿಟಾರಿಗೆ ಬಿದ್ದದ್ದೇ ಅದನ್ನು ಕೇಳಿ! ಬಸ್ಸಿನ ಕಿಟಕಿಗೆ ತಲೆ ಆನಿಸಿ ಅದನ್ನೇ ಗುನುಗುತ್ತಿದ್ದ. ಅವನ ಕೈ ಮಾತ್ರ ಮೇಲಿಂದ ಮೇಲೆ ಜೇಬಿನ ರೊಕ್ಕ ಮುಟ್ಟಿ ನೋಡುತ್ತಿತ್ತು.

ಸವಣೂರು! ನವಾಬರ ಊರು. ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಸವಣೂರು ಖಾರಾ ಕಟ್ಟಿಸಿಕೊಳ್ಳದೆ ಮುಂದೆ ಹೋದವರುಂಟೇ? ವೀಳ್ಯದೆಲೆಗೂ ಹೆಸರಾದ ಊರು. ಮಾರುವವನು ‘ಒಂದು ತಾಸು ತಡೀರಿ’ ಎಂದದ್ದರಿಂದ ಕಾಕಾ ನಮ್ಮನ್ನು ದೊಡ್ಡಹುಣಸೆ ಮಠಕ್ಕೆ ಕರೆದೊಯ್ದರು. ಅಬ್ಬಾ, ಅವೇನು ಮರಗಳೋ! ಆನೆ ಹಿಂಡು ಸೊಂಡಿಲೆತ್ತಿ ನಿಂತ ಹಾಗೆ. ಊರವರ ಬಾಯಲ್ಲಿ ಹುಣಸೆ. ಆದರೆ ಹುಣಸೆಗೂ ಅದಕ್ಕೂ ನಂಟೇ ಇಲ್ಲ. ಅದು ಬಾವೊಬಾಬ್, ಆಫ್ರಿಕಾ ಮೂಲದ್ದು, ಬೂರುಗದ ಬಂಧು. ಕಾಯಿಯೊಳಗಿನ ಹುಳಿ ನೋಡಿ ಜನ ಹುಣಸೆ ಎಂದರು, ಅದೇ ನಿಂತಿತು. ಮರವೇನೂ ತಾನು ಹುಣಸೆ ಎಂದು ಹೇಳಿಕೊಂಡಿಲ್ಲ ಬಿಡಿ.

ಗಿಟಾರಿನ ಮನೆ ಹೊಸದು. ಮಾರುವವನು ಇಪ್ಪತ್ತೈದರ ಹುಡುಗ, ನಯವಾದ ಮಾತು. ಕಪ್ಪು ಪೆಟ್ಟಿಗೆ ತೆರೆದ. ಕೆಂಪು-ಹಳದಿ ಬಣ್ಣ, ಬಿಳಿ ಪ್ಲೇಟು, ಥಳ ಥಳ! ನಮ್ಮವನ ಬಾಯಿಂದ ಮಾತೇ ಹೊರಡಲಿಲ್ಲ. ಕೈಗೆತ್ತಿಕೊಂಡು ಎರಡು ಕಾರ್ಡ್ ಹಾಕಿದ. ಸುಳ್ಳು ಹೇಳಬಾರದು, ದನಿ ಕೆಟ್ಟದ್ದೇನೂ ಇರಲಿಲ್ಲ. ಕಾಕಾ ಟೇಪು ತೆಗೆದರು. ತಂತಿ ಕೂಡುವ ಮೇಲಿನ ನಟ್ಟಿನಿಂದ ಹನ್ನೆರಡನೇ ಫ್ರೆಟ್ಟಿಗೆ ಹನ್ನೆರಡೂ ಮುಕ್ಕಾಲು ಇಂಚು. ಫೆಂಡರಿನ ತಂತಿಯ ಉದ್ದ ಇಪ್ಪತ್ತೈದೂವರೆ ಇಂಚು, ಅದರ ಅರ್ಧ. ಸರಿಯಾಗಿದೆ! ಹುಡುಗನ ಮುಖ ಅರಳಿತು. “ಅರಳಬ್ಯಾಡ. ನಕಲು ಮಾಡೋನ ಕಡೆನೂ ಟೇಪ್ ಇರ್ತೈತಿ” ಎಂದರು ಕಾಕಾ.

ಹಿಂದೆ ತಿರುಗಿಸಿದೆವು. ಬೋಲ್ಟು ನಾಲ್ಕು. ತಲೆ ಚಿಕ್ಕದು. ನಂಬರು ಎನ್ ಅಕ್ಷರದಿಂದ ಶುರು. ಅಪ್ಪ 1979ರಲ್ಲಿ ತಂದ ಗಿಟಾರಿಗೆ ತೊಂಬತ್ತರ ದಶಕದ ನಂಬರು! ಹೆಸರಿನ ಮೇಲೆ ನಾನು ಬೆರಳಾಡಿಸಿದೆ. ಉಗುರಿಗೆ ಅಂಚು ತಡೆಯಿತು. ಮೇಲೆ ವಾರ್ನಿಶ್ ಇರಲಿಲ್ಲ.

“ಪ್ಲೇಟ್ ಬಿಚ್ಚಿ ನೋಡ್ತೀವಿ” ಎಂದರು ಕಾಕಾ.

“ಬಿಚ್ಚೋದು ಬ್ಯಾಡ್ರೀ. ಟ್ಯೂನಿಂಗ್ ಹೋಗ್ತೈತಿ.”

ಇಲ್ಲೇ ನೋಡಿ ಮಿತ್ರರೇ ಗಂಟು ಇರೋದು. ಅಸಲಿ ಇಟ್ಟುಕೊಂಡವನು ಬಿಚ್ಚಿ ತೋರಿಸಲು ತಾನೇ ಮುಂದೆ ಬರುತ್ತಾನೆ. ತಂತಿ ಸಡಿಲಿಸಿ ಹನ್ನೊಂದು ಸ್ಕ್ರೂ ತೆಗೆದರೆ ಪ್ಲೇಟು ಮೇಲೆ ಬರುತ್ತದೆ, ಮತ್ತೆ ಶ್ರುತಿ ಮಾಡಲು ಐದು ನಿಮಿಷ. ಕೊನೆಗೆ ‘ಇಲ್ಲಾಂದ್ರ ನಾವು ಹೊರಡ್ತೀವಿ’ ಎಂದು ಎದ್ದ ಮೇಲೆ ಒಪ್ಪಿದ. ಒಳಗೆ ಕಂಡದ್ದು ರೂಪಾಯಿ ಬಿಲ್ಲೆಗಿಂತ ಸಣ್ಣ ಕಂಟ್ರೋಲು, ಅಂಕಿ ಇಲ್ಲ ಏನಿಲ್ಲ. ಅಸಲಿ ಸ್ಟ್ರಾಟೊಕಾಸ್ಟರಿನ ಪಿಕಪ್ಪಿನಲ್ಲಿ ತಂತಿಗೊಂದರಂತೆ ಆರು ಅಯಸ್ಕಾಂತದ ಕಡ್ಡಿ ಇರಬೇಕು. ಇಲ್ಲಿ ಬರೀ ಕಬ್ಬಿಣದ ಕಡ್ಡಿ, ಅಡಿಯಲ್ಲಿ ಒಂದು ಅಯಸ್ಕಾಂತದ ಪಟ್ಟಿ. ಈ ಪಟ್ಟಿ ಕಡಿಮೆ ಬೆಲೆಯ ಅಸಲಿಗಳಲ್ಲೂ ಇರುತ್ತದೆ ನಿಜ. ಆದರೆ 1979ರ ಅಮೆರಿಕಾದ್ದರಲ್ಲಿ? ಮರ ಕೊರೆದ ಅಂಚಿನಲ್ಲಿ ಪದರ ಪದರವಾಗಿ ಪ್ಲೈವುಡ್ಡು ನಗುತ್ತಿತ್ತು.

ಮಾರುವವನು ಕಥೆ ಬದಲಿಸಿದ. ಅಪ್ಪ ತಂದದ್ದಲ್ಲ, ಗೆಳೆಯ ಕೊಟ್ಟದ್ದು. ಗೆಳೆಯನೂ ಆನ್‌ಲೈನಿನಲ್ಲಿ ತರಿಸಿದ್ದು. ಹುಡುಗನ ಕಣ್ಣಲ್ಲಿ ನೀರು ತುಂಬಿತ್ತು. ಅದು ಸಿಟ್ಟೋ ಅವಮಾನವೋ ನಾನು ಕೇಳಲಿಲ್ಲ. ಮುಂಗಡ ವಾಪಸು ಬಂದದ್ದು 3,000 ಮಾತ್ರ. ಉಳಿದ ಎರಡು ಸಾವಿರ ‘ಸಂಜೆಗೆ ಹಾಕ್ತೀನಿ’ ಎಂದ. ಆ ಸಂಜೆ ಇನ್ನೂ ಆಗಿಲ್ಲ.

ಖಾರಾ ಪೊಟ್ಟಣ ಹಿಡಿದು ಮೂವರೂ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತೆವು. ಯಾರೂ ಬಿಚ್ಚಲಿಲ್ಲ. ಬಹಳ ಹೊತ್ತಿನ ಮೇಲೆ ಕಾಕಾ, “ಹಾನಗಲ್ಲಾಗ ಒಬ್ರು ಅದಾರ. ಎಂಬತ್ತರಾಗ ನಾ ಅವರ ಆಂಪ್ಲಿಫೈಯರ್ ನೋಡ್ಕೋತಿದ್ದೆ. ಗಿಟಾರು ಮಾರಿರಲಿಕ್ಕಿಲ್ಲ. ಹೋಗೋಣೇನು?” ಎಂದರು. ಹುಡುಗ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಬಸ್ಸು ಬಂತು, ಹತ್ತಿದೆವು.

ಹಾನಗಲ್ ಸಂಗೀತದವರಿಗೆ ಸುಮ್ಮನೆ ಊರಲ್ಲ. ಗಂಗೂಬಾಯಿಯವರು 1913ರಲ್ಲಿ ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ, ಆದರೂ ಜಗತ್ತಿಗೆ ಅವರು ಹಾನಗಲ್! ಪಂಚಾಕ್ಷರಿ ಗವಾಯಿಗಳು ಈ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯವರು. ಕಣ್ಣಿಲ್ಲದವರು ಕಿವಿಯಿಂದಲೇ ಸಂಗೀತ ಗೆದ್ದು, ಗದಗಿನ ಪುಣ್ಯಾಶ್ರಮದಲ್ಲಿ ಎಷ್ಟೋ ಜನಕ್ಕೆ ವಿದ್ಯೆ ಹಂಚಿದರು. ಅವರ ಮೇಲೆ ಬಂದ 1995ರ ಚಿತ್ರದಿಂದಲೇ ಹಂಸಲೇಖ ಅವರಿಗೂ ಎಸ್ಪಿಬಿ ಅವರಿಗೂ ರಾಷ್ಟ್ರಪ್ರಶಸ್ತಿ ಬಂದದ್ದು. ಶಾಸನಗಳು ಈ ಊರನ್ನು ವಿರಾಟನ ಕೋಟೆ ಎನ್ನುತ್ತವೆ. ಪಾಂಡವರು ಅಜ್ಞಾತವಾಸ ಕಳೆದದ್ದು ಇಲ್ಲೇ ಎಂದು ಜನರ ನಂಬಿಕೆ. ಅರ್ಜುನ ಬೃಹನ್ನಳೆಯೆಂಬ ಹೆಸರಿನಲ್ಲಿ ಒಂದು ವರ್ಷ ಕುಣಿತ ಕಲಿಸಿಕೊಂಡಿದ್ದ ಊರು! ತಾರಕೇಶ್ವರ ಗುಡಿಯೊಳಗೆ ಹೋಗಿ ಮೇಲೆ ನೋಡಿದೆವು. ಕಲ್ಲಿನ ಆ ಅಗಾಧ ಕಮಲದ ಛಾವಣಿ ಕತ್ತು ನೋಯುವವರೆಗೂ ನೋಡಿಸಿಕೊಳ್ಳುತ್ತದೆ. ಹುಡುಗ ಮೊದಲ ಸಲ ಬಾಯಿ ಬಿಟ್ಟ: “ಇದಕ್ಕ ಸ್ಟಿಕರ್ ಅಂಟಿಸೋ ಕೆಲಸ ಇಲ್ಲ ನೋಡಣ್ಣಾ.”

ಗಿಟಾರಿನ ಹಿರಿಯರು ಎಪ್ಪತ್ತು ದಾಟಿದವರು. ಕಾಕಾನನ್ನು ಕಂಡದ್ದೇ ತಬ್ಬಿಕೊಂಡರು. ಅಟ್ಟದಿಂದ ಗೋಣಿಚೀಲ ಇಳಿಯಿತು, ಅದರೊಳಗಿಂದ ಹಳೆಯ ಸೀರೆ, ಸೀರೆಯೊಳಗಿಂದ ಕಂದು ಬಣ್ಣದ ಗಿಟಾರು. ತಲೆಯ ಮೇಲೆ ಬಂಗಾರದ ಅಕ್ಷರ: ಗಿಬ್ಸನ್!

ಹುಡುಗ ನನ್ನ ಮುಖ ನೋಡಿದ. ನಾನು ಕಾಕಾನ ಮುಖ ನೋಡಿದೆ. ಇನ್ನೊಮ್ಮೆ ಅದೇ ಆಟ, ಅದೂ ಇಂಥ ಹಿರಿಯರ ಎದುರು! “ನೀನ ನೋಡಿ ಹೇಳಪಾ” ಎಂದು ಹಿರಿಯರೇ ಅವನ ಕೈಗೆ ಕೊಟ್ಟರು. ಹುಡುಗ ಟೇಪು ಹಿಡಿದ. ಗಿಬ್ಸನ್ನಿನ ತಂತಿಯ ಉದ್ದ ಇಪ್ಪತ್ನಾಲ್ಕೂ ಮುಕ್ಕಾಲು ಇಂಚು, ಇದು ಕೂಡಲಿಲ್ಲ. ಲೆಸ್ ಪಾಲಿನ ಕುತ್ತಿಗೆಯನ್ನು ಮೈಗೆ ಅಂಟಿಸಿರುತ್ತಾರೆ, ಇದರದ್ದು ಬೋಲ್ಟು. 1977ರಿಂದ ಬಹುಕಾಲ ಗಿಬ್ಸನ್ನಿನವರು ತಲೆಯ ಹಿಂದೆ ಮರದೊಳಗೆ ಎಂಟಂಕಿ ಒತ್ತುತ್ತಿದ್ದರು. ಮೊದಲನೆಯದೂ ಐದನೆಯದೂ ಕೂಡಿದರೆ ವರ್ಷ. ಇಲ್ಲಿ ಅಂಕಿಯೇ ಇಲ್ಲ. ಹುಡುಗ ತಲೆ ತಗ್ಗಿಸಿ, “ಅಜ್ಜಾರ, ಸಿಟ್ಟಾಗಬ್ಯಾಡ್ರಿ... ಇದು ಗಿಬ್ಸನ್ ಅಲ್ರೀ” ಎಂದ.

ಹಿರಿಯರು ಮನೆ ಹಾರಿಹೋಗುವ ಹಾಗೆ ನಕ್ಕರು! “ಗೊತ್ತೈತಪಾ! ಅದು ಗಿವ್ಸನ್!”

ಗಿವ್ಸನ್ ನಮ್ಮ ದೇಶದ್ದೇ, ಕಲಕತ್ತೆಯದು. 1991ಕ್ಕೆ ಮೊದಲು ವಿದೇಶಿ ಸಾಮಾನು ತರಿಸಬೇಕೆಂದರೆ ಲೈಸೆನ್ಸು, ಸುಂಕ, ನೂರೆಂಟು ಕಾಟ. ಮುಂಬೈ-ಗೋವಾದಲ್ಲಿ ಹಡಗಿನವರ ಕೈಯಿಂದ ಸಿಕ್ಕರೆ ಪುಣ್ಯ. ಹಳ್ಳಿ-ಪಟ್ಟಣದ ಆರ್ಕೆಸ್ಟ್ರಾಗಳ ಕೈಗೆಟುಕಿದ್ದು ಗಿವ್ಸನ್, ಹಾಬ್ನರ್, ಸಿಗ್ನೇಚರ್‌ನಂಥ ನಮ್ಮ ಗಿಟಾರುಗಳೇ. ಹೆಸರು ವಿದೇಶದ್ದನ್ನು ಹೋಲುತ್ತಿತ್ತು, ಅಷ್ಟೇ. ಜಿ.ಕೆ. ವೆಂಕಟೇಶರ ಕೈಕೆಳಗೆ ಗಿಟಾರ್ ಹಿಡಿದು ಬೆಳೆದ ಇಳಯರಾಜ 1981ರಲ್ಲಿ ಶಂಕರ್‌ನಾಗರ ‘ಗೀತಾ’ಕ್ಕೆ ಕೊಟ್ಟ ಹಾಡುಗಳನ್ನು ನಮ್ಮ ಸೀಮೆಯ ಜಾತ್ರೆಗಳಿಗೆ ಮುಟ್ಟಿಸಿದ್ದು ಇಂಥ ಗಿಟಾರುಗಳು.

ಹಾಗಾದರೆ ‘ವ’ ಇದ್ದದ್ದು ‘ಬ’ ಆದದ್ದು ಹೇಗೆ? ಆರ್ಕೆಸ್ಟ್ರಾ ಮಾಲೀಕನ ಕಿತಾಪತಿ. ಟಾಕೀಸಿಗೆ ಬ್ಯಾನರ್ ಬರೆಯುವ ಪೇಂಟರನನ್ನು ಕರೆಸಿ, ಇಂಗ್ಲಿಷಿನ ವಿ ಅಕ್ಷರಕ್ಕೆ ಒಂದು ಕಂಬ ನಿಲ್ಲಿಸಿ ಹೊಟ್ಟೆ ಮುಚ್ಚಿಸಿದ. ಅಣ್ಣಾವ್ರ ಮೀಸೆ ತಿದ್ದುವ ಕೈಗೆ ಅದೇನು ಮಹಾ ಕೆಲಸ! ‘ಅಮೆರಿಕಾದ ಗಿಟಾರು’ ಎಂದು ಕರಪತ್ರದಲ್ಲೂ ಹಾಕಿಸಿದ. ಎರಡು ವರ್ಷ ನಡೆಯಿತು. ಒಂದು ಜಾತ್ರೆಯಲ್ಲಿ ಮುಂಬೈನಿಂದ ಬಂದ ಯಾರದೋ ನೆಂಟ ಸ್ಟೇಜ್ ಹತ್ತಿ, ತಿರುಗಿಸಿ ನೋಡಿ, ಮೈಕಿನಲ್ಲೇ ಹೇಳಿ ನಕ್ಕುಬಿಟ್ಟ. ಜನರೂ ನಕ್ಕರು.

“ನಾ ಬಾರಿಸಿದ್ದು ಸುಳ್ಳಾಗಿರಲಿಲ್ಲಲ್ರೀ” ಎಂದರು ಹಿರಿಯರು. ಈ ಸಲ ನಗಲಿಲ್ಲ.

ಅವರು ಹಳೆಯ ಆಲ್ಬಮ್ ತೆಗೆದು ತೋರಿಸಿದರು. ಬೆಲ್ ಬಾಟಮ್ಮು, ಉದ್ದ ಕಾಲರು, ಮೈಕು. ಮೊದಲ ಫೋಟೋಗಳಲ್ಲಿ ಗಿಟಾರಿನ ತಲೆ ಬರಿದಾಗಿದೆ. ಆಮೇಲಿನವುಗಳಲ್ಲೆಲ್ಲ ತಲೆಗೆ ಒಂದು ಕರವಸ್ತ್ರ ಕಟ್ಟಿದೆ! ಜನ ಅದನ್ನು ಸ್ಟೈಲ್ ಎಂದುಕೊಂಡರಂತೆ. ಅವರನ್ನು ನೋಡಿ ಬೇರೆ ಆರ್ಕೆಸ್ಟ್ರಾದ ಹುಡುಗರೂ ಕರವಸ್ತ್ರ ಕಟ್ಟಲು ಶುರು ಮಾಡಿದ್ದರಂತೆ.

ಕಾಕಾ ಕೆಲಸಕ್ಕೆ ಕೂತರು. ವೈರು ಚುಚ್ಚಿ, ವಾಲ್ಯೂಮ್ ಪೂರ್ತಿ ಏರಿಸಿ ಮೀಟರು ಇಟ್ಟರು. ಒಂಟಿ ಕಾಯಿಲಿನ ಪಿಕಪ್ಪು ಐದಾರು ಸಾವಿರ ಓಮ್ ತೋರಿಸಿದರೆ ಆರೋಗ್ಯ. ಒಂದು ಪಿಕಪ್ಪು ಐದೂಮುಕ್ಕಾಲು ತೋರಿಸಿತು, ಇನ್ನೊಂದು ಏನೂ ತೋರಿಸಲಿಲ್ಲ. “ಕಾಯಿಲ್ ಹೋಗೈತಿ. ಸುತ್ತಿಕೊಡ್ತೀನಿ” ಎಂದರು. ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್ಟಿನಲ್ಲಿ ಒತ್ತಿ ನಡುವೆ ಬೆಳಕು ನೋಡಿದೆವು. ಕೂದಲೆಳೆಯಷ್ಟೇ ಸಂದು, ಕುತ್ತಿಗೆ ಬಾಗಿಲ್ಲ. ಹುಳು ಹಿಡಿದಿಲ್ಲ. ಬಿರಡೆ ಎರಡು ಬಿಗಿ. ಫ್ರೆಟ್ಟುಗಳು ಮಾತ್ರ ಮೊದಲ ಐದರಲ್ಲಿ ತಗ್ಗು ಬಿದ್ದಿದ್ದವು. ಅಲ್ಲೇ ಬೆರಳು ಇಟ್ಟೂ ಇಟ್ಟೂ ಸವೆದದ್ದು. ಅಂಥ ಸವೆತವನ್ನು ಯಾವ ಪೇಂಟರೂ ಬರೆಯಲಾರ.

“ಕಣ್ಣು ಮುಚ್ಚಿ ಬಾರಿಸು” ಎಂದರು ಹಿರಿಯರು. ಹುಡುಗ ಕಣ್ಣು ಮುಚ್ಚಿದ.

ಎಷ್ಟು ಹೊತ್ತು ಬಾರಿಸಿದನೋ! ಹಿರಿಯರ ಮನೆಯವರು ಎರಡು ಸಲ ಚಹಾ ತಂದಿಟ್ಟು ಹೋದರು. ಬೆಲೆ ಕೇಳಿದಾಗ “ಏನರೆ ಕೊಡು” ಎಂದರು. ಏನರೆ ಎಂದರೆ ಕೊಳ್ಳುವವನಿಗೆ ಕಷ್ಟ. ಕಾಕಾ ನಡುವೆ ಬಂದು 8,000 ಎಂದು ಮುಗಿಸಿದರು. ಹುಡುಗ ಎಣಿಸಿ ಎರಡೂ ಕೈಯಿಂದ ಕೊಟ್ಟ. ಹಿರಿಯರು ಗಿಟಾರನ್ನು ಸೀರೆಯಲ್ಲಿ ಸುತ್ತುತ್ತ, “ಒಂದು ಮಾತು. ಆ ಬಿ ತಗಿಬೇಕು. ನನ್ನ ಕೈಲೆ ಆಗಲಿಲ್ಲ. ಬಣ್ಣ ಒರಸಿದ್ರ ಅವತ್ತಿನ ಜಾತ್ರಿ ನೆನಪಾಗ್ತಿತ್ತು” ಎಂದರು.

ಕಾಕಾ ಶಿಗ್ಗಾವಿ ಬಸ್ಸು ಹಿಡಿದರು, ಚಾರ್ಜಿನ ರೊಕ್ಕ ಕೂಡ ಮುಟ್ಟಲಿಲ್ಲ. ನಾವಿಬ್ಬರೂ ಹಿರೇಕೆರೂರು ತಲುಪುವಾಗ ಕತ್ತಲಾಗಿತ್ತು. ಹತ್ತಿರದ ಅಬಲೂರು ಸರ್ವಜ್ಞನ ಊರು ಎನ್ನುತ್ತಾರೆ. ಸಿನಿಮಾದವರಿಗೆ ಇದು ‘ಕೌರವ’ ಬಿ.ಸಿ. ಪಾಟೀಲರನ್ನು 2004ರಲ್ಲಿ ಶಾಸಕರನ್ನಾಗಿ ಮಾಡಿದ ಊರು. ನಮಗೆ ಅವತ್ತು ಅದು ಮಾವಶಿಯ ರೊಟ್ಟಿಯ ಊರು.

ಊಟಕ್ಕೂ ಮೊದಲು ಹುಡುಗ ತಂಗಿಯ ನೇಲ್ ಪಾಲಿಶ್ ತೆಗೆಯುವ ಶೀಶೆ ತಂದು, ಹತ್ತಿಯ ತುದಿ ಅದ್ದಿ ನಿಧಾನಕ್ಕೆ ಒರೆಸಿದ. ಹೆಚ್ಚು ಒರೆಸಿದರೆ ಕೆಳಗಿನ ಅಸಲಿ ಅಕ್ಷರವೂ ಹೋದೀತು. ಮೊದಲು ಕಂಬ ಕರಗಿತು, ಆಮೇಲೆ ಹೊಟ್ಟೆ. ಒಳಗಿನಿಂದ ವಿ ಮೇಲೆ ಬಂತು. ಮಾವಶಿ ಬಾಗಿಲಲ್ಲಿ ನಿಂತು, “ಎಷ್ಟಕ್ಕ ತಂದ್ಯೋ?” ಎಂದರು. ಕಿವಿಯಲ್ಲಿ ಬೆಂಡೋಲೆ ಇದ್ದವು.

ಪಕ್ಕದ ಮನೆಯ ಆಂಪ್ಲಿಫೈಯರ್ ಬಂತು. ಓಣಿಯ ಹುಡುಗರೆಲ್ಲ ಕಟ್ಟೆಗೆ ಬಂದು ಕೂತರು. ವೈರು ಚುಚ್ಚಿದ, ವಾಲ್ಯೂಮ್ ತಿರುಗಿಸಿದ, ಕೈ ಎತ್ತಿದ... ಕರೆಂಟ್ ಹೋಯಿತು! ಹೋ ಎಂದರು ಹುಡುಗರು. ಅವನು ಕತ್ತಲಲ್ಲೇ ಬಾರಿಸಲು ಶುರು ಮಾಡಿದ. ಕರೆಂಟಿಲ್ಲದ ಎಲೆಕ್ಟ್ರಿಕ್ ಗಿಟಾರು ಎಷ್ಟು ಸಣ್ಣಗೆ ನುಡಿಯುತ್ತದೆ ಎಂದರೆ, ಕೇಳಲು ಎಲ್ಲರೂ ಹತ್ತಿರ ಸರಿಯಬೇಕಾಯಿತು.